ಎಡಗಡೆ ಹಿಂದಿನ ಗಾಲಿ

ಎರಡು ದಿನ ಬೈದೆ ಆಕಿನ್ನ,
ಸಪ್ತಾಪುರದ ಇಳಕಲಿನ್ಯಾಗ, ಎಲ್ಲಾರ ಮುಂದ:
"ಕಾಲಾಗ ಜೀವ ಇಲ್ಲೇನ್ರಿ ಫಕ್ಕೀರವ್ವ?
ಒತ್ತಂದ್ರ ಪೂರಾ ಒತ್ತಬೇಕು."
"ಒತ್ತೇನ್ರಿ ಮೇಡಂ," ಅಂದ್ಲು,
"ಒತ್ತಿದ್ರ ಒಳಗ ಹೊಕ್ಕತಿ,
ನೀರು ಹೆಚ್ಚಾದ ಹಿಟ್ಟಿನ್ಯಾಗ ಮುಷ್ಟಿ ಇಳದಾಂಗ."

ನಕ್ಕೆ.
ಈ ಎಡಗಡೆ ಸೀಟಿನ್ಯಾಗ ಕುಂತು ಹನ್ನೊಂದು ವರ್ಷ.
ನನ್ನ ಕಾಲ ಕೆಳಗೂ ಒಂದು ಬ್ರೇಕೈತಿ,
ಮಂದಿ ಅಂಜಿಕೀನ ನಾನು ತುಳಿಯಾಕಂತ ಇಟ್ಟದ್ದು.
ಬ್ಯಾಂಕಿನವರು, ಡಾಕ್ಟರ ಹೆಂಡಿರು, ಒಬ್ಬ ತಹಶೀಲ್ದಾರ,
ಎಲ್ಲಾರೂ ಮೊದಲ ವಾರ ಗಾಡಿ ಮ್ಯಾಲೆ ತಪ್ಪು ಹಾಕತಾರ.
ದಿನಕ್ಕ ನಾಕನೂರು ರೊಟ್ಟಿ ಬಡಿಯೋ ಈಕಿ
ಯಾಕ ಬ್ಯಾರೆ ಆಗತಾಳು?

ಮೂರನೇ ದಿನ ಕೆಲಗೇರಿ ಕೆರಿ ತಿರುವಿಗೆ
ಎಮ್ಮಿ ಒಂದು ಅಡ್ಡ ಬಂತು, ಅದರ ಪಾಡಿಗೆ ಅದು.
ಆಕಿ ಒತ್ತಿದ್ಲು. ನಾನೂ ಒತ್ತಿದೆ.
ಎರಡೂ ಕಾಲು ನೆಲಾ ಮುಟ್ಟಿದವು,
ಗಾಡಿ ನಿಲ್ಲಲಿಲ್ಲ.
ಹ್ಯಾಂಡಬ್ರೇಕ ಎಳದಾಕಿ ನಾನೋ ಆಕಿನೋ
ಇನ್ನೂ ಗೊತ್ತಿಲ್ಲ. ಹಿಡಿಕಿ ಮ್ಯಾಲೆ ಎರಡು ಕೈ ಇದ್ದವು.
ಎಮ್ಮಿ ಬಾಲ ಬೀಸಿ ಹೋತು.
ಆಕಿ ಸೆರಗಿಲೆ ಮಾರಿ ಒರಸಿಕೊಂಡ್ಲು, ಏನೂ ಅನ್ನಲಿಲ್ಲ.
ಅಂದಿದ್ರ ಚೊಲೋ ಇತ್ತು.

ದಾವಲಸಾಬ ಬಾನೆಟ್ ಎತ್ತಿ ಡಬ್ಬಿ ನೋಡಿದ.
ಎಣ್ಣಿ ಗೆರಿಯಿಂದ ಎರಡು ಬೆರಳ ಕೆಳಗ.
"ಕುಡದೋರು ಯಾರಂತ ನಾಳೆ ಹೇಳತೀನಿ,"
ನಾಕೂ ಗಾಲಿ ಬುಡಕ ಹಳೇ ಪೇಪರ ಹಾಸಿ ಮನಿಗೆ ಹೋದ.
ಮುಂಜಾನೆ ಮೂರು ಒಣಗಿದ್ದವು.
ಎಡಗಡೆ ಹಿಂದಿಂದು,
ವರ ಬೇಕಾಗಿದ್ದಾನೆ, ಕನ್ಯೆ ಬೇಕಾಗಿದ್ದಾಳೆ ಅನ್ನೋ ಪುಟ,
ಜಿಡ್ಡು ಹಿಡದು ತೆಳ್ಳಗಾಗಿ
ಆ ಕಡೆ ಅಕ್ಷರ ತಿರುವಮುರುವು ಕಾಣತಿದ್ದವು.

ಬೆರಳಾಗ ತಿಕ್ಕಿದ, ಮೂಸಿದ.
"ಇಂಜಿನ್ ಎಣ್ಣಿ ಆದ್ರ ಕರ್ರಗ. ನೀರಾದ್ರ ಇಷ್ಟೊತ್ತಿಗೆ ಆರತಿತ್ತು.
ಇದು ಆರೂದಿಲ್ಲ."
ಗಾಲಿ ಬಿಚ್ಚಿ, ಡ್ರಮ್ಮಿನ ಸುತ್ತ ಮೆಲ್ಲಕ ಸುತ್ತಿಗಿ ಬಡದು,
ಒಳಗ ಹೆಬ್ಬೆರಳ ಗಾತ್ರದ ಸಿಲಿಂಡರು:
ಅದರ ರಬ್ಬರ ಟೊಪಗಿ ಸರಿಸಿದ್ದ ತಡಾ
ಒಂದು ಗುಟುಕು ಎಣ್ಣಿ ಅಂವನ ಮಣಿಕಟ್ಟಿಗೆ ಇಳೀತು.
ಹರದದ್ದು ಉಗುರಿನ ಅಂಚಿನಷ್ಟು.

"ರಬ್ಬರ ಅಷ್ಟ ಹಾಕಿಕೊಡು," ಅಂದೆ.
"ಒಳಗ ತುಕ್ಕು ತಿಂದು ಕುಣಿ ಬಿದ್ದಾವ,
ಹೊಸಾದೂ ತಿಂಗಳದಾಗ ಹರೀತೈತಿ.
ಮಂದೀನ್ನ ಕೂಡಸತೀರಿ ಇದರಾಗ."
ಹೊಸ ಸಿಲಿಂಡರು ಹುಬ್ಬಳ್ಳಿಯಿಂದ
ಚಿಗರಿ ಬಸ್ಸಿನ್ಯಾಗ, ಅಂವನ ಅಳಿಯನ ಕೈಚೀಲದಾಗ ಬಂತು.
ಎಣ್ಣಿ ಕುಡದ ಲೈನರನ್ನೂ ಒಗದ.

ಪೆಡಲ್ ತುಳಿಯೋ ಹುಡುಗ ಜ್ವರ ಬಂದು ಮಲಗಿದ್ದ.
ಫಕ್ಕೀರವ್ವ ತಾನ ಹತ್ತಿ ಕುಂತ್ಲು.
ನನಗ ಉಳದದ್ದು ಡಬ್ಬಿ ಖಾಲಿ ಆಗದಾಂಗ ಎಣ್ಣಿ ಸುರಿಯೂದು.

"ಒತ್ರಿ."
"ಒತ್ತೀನಿ."
"ಹಿಡೀರಿ."
"ಹಿಡದೀನಿ."
ಗಾಡಿ ಬುಡಕ ಪಾನಾ ಕಿರ್ ಅಂತಿತ್ತು,
ಸಣ್ಣ ನಳಿಗ್ಯಾಗ ಗಾಳಿ ಗುಳ್ಳಿ ಗುಳ್ಳಿಯಾಗಿ ಬಾಟ್ಲಿಗೆ ಇಳೀತಿತ್ತು.
"ಬಿಡ್ರಿ."

ನಾ ಕಲಿಸೋ ಮಾತ ಅವು ಮೂರೂ.
ಅಂವ ಒಮ್ಮೆನೂ ದನಿ ಎತ್ತಲಿಲ್ಲ.

ಹದಿನಾಕೋ ಹದಿನೈದೋ ಸಲಕ್ಕ
ಅಂವ ಹೇಳೂಕಿಂತ ಮೊದಲ ಆಕಿ ಅಂದ್ಲು,
"ಈಗ ಹದಕ್ಕ ಬಂತು ನೋಡ್ರಿ."
ದಾವಲಸಾಬ ಬುಡಕಿಂದನ ಹೌದಂದ.

ಆ ಹೊತ್ತಿನ್ಯಾಗ ನನ್ನ ಕೈ ಅಲಗಿರಬೇಕು.
ಒಂದು ಹನಿ ಮಡಗಾರ್ಡ ಮ್ಯಾಲೆ ಬಿತ್ತು, ನೋಡಲಿಲ್ಲ.
ಈ ಎಣ್ಣಿ ಬಣ್ಣಾ ತಿಂತೈತಿ,
ಆಗಿಂದಾಗ ನೀರು ಹೊಡದಿದ್ರ ಉಳೀತಿತ್ತು.
ಮರುದಿನ ನೋಡಿದ್ರ
ಗುರುಕೃಪಾ ಡ್ರೈವಿಂಗ್ ಸ್ಕೂಲಿನ
'ಗು' ಸುಲದು ಹೋಗಿ ತಗಡು ಕಾಣಾಕತ್ತೈತಿ.

ಆ ಎರಡು ದಿನದ ಕ್ಲಾಸು ಲೆಕ್ಕದಾಗ ಹಿಡದಿಲ್ಲ ನಾನು.
ಆಕಿ ಕೇಳಿಲ್ಲ, ನಾ ಹೇಳಿಲ್ಲ.
ಇವತ್ತ ಅದ ಇಳಕಲಿನ್ಯಾಗ ಆಕಿ ಒತ್ತಿದ್ಲು,
ಗಾಡಿ ನಿಂತ್ತು,
ಇಬ್ಬರ ತಲೀನೂ ಒಂದೀಟು ಮುಂದ ಬಾಗಿ
ಹಿಂದಕ್ಕ ಬಂದವು.
ನನ್ನ ಕಾಲು ನನ್ನ ಪೆಡಲಿನ ಮ್ಯಾಲೆ ಇರಲಿಲ್ಲ.

ಪೇಂಟರಗ ಇನ್ನೂ ಹೇಳಿ ಕಳಸಿಲ್ಲ.